ಬಾಲಿಗೆ ಹೊಂಟೀರಾ? ದುಡ್ಡು ಹೆಂಗೆ ಒಯ್ಯೋದು, ಯಾವ್ದನ್ನ ಮೊದ್ಲೇ ಬುಕ್ ಮಾಡೋದು

ದಾವಣಗೆರೆ ಕಡೆಯಿಂದ ಬಾಲಿಗೆ ಹೋಗೋ ಫ್ಯಾಮಿಲಿಗಳು ಈಗ ಜಾಸ್ತಿ ಆಗಿದಾವೆ, ಟಿಕೆಟ್ಟು ಹೋಟ್ಲು ಎಲ್ಲಾ ಫೋನಲ್ಲೇ ಮುಗಿಸ್ತಾರೆ, ಆದ್ರೆ ಅಲ್ಲಿ ಖರ್ಚಿಗೆ ದುಡ್ಡು ಹೆಂಗೆ ಅನ್ನೋ ಯೋಚ್ನೆ ಬರೋದು ಬ್ಯಾಗ್ ತುಂಬೋ ಹೊತ್ತಿಗೆ. ಅದಕ್ಕೆ ನಾನು ಹೇಳೋದು ಇಷ್ಟೇ, ಯಾವ ಖರ್ಚು ಇಲ್ಲಿಂದ್ಲೇ ಕಟ್ಟೋದು, ಯಾವ್ದು ಅಲ್ಲಿ ಕ್ಯಾಶು, ಯಾವ್ದು ಕಾರ್ಡು ಅಂತ ಮನೇಲೇ ಕೂತು ಬರ್ಕೊಂಬಿಡ್ರಿ. ಅಲ್ಲಿ ಹೋಗಿ ಕೌಂಟರ್ ಮುಂದೆ ನಿಂತು ತೀರ್ಮಾನ ಮಾಡೋಕೆ ಹೋದ್ರೆ ದುಡ್ಡು ಹೋಗುತ್ತೆ.

ಮೊದ್ಲು ಕಾರ್ಡು. 2020ರ ಅಕ್ಟೋಬರ್‌ನಿಂದ ಆರ್‌ಬಿಐ ನಿಯಮದ ಪ್ರಕಾರ ಹೊಸ ಕಾರ್ಡಲ್ಲಿ ಇಂಟರ್‌ನ್ಯಾಷನಲ್ ಬಳಕೆ ಆಫ್ ಆಗೇ ಬರುತ್ತೆ, ಬ್ಯಾಂಕ್ ಆ್ಯಪ್‌ನಲ್ಲಿ ನೀವೇ ಆನ್ ಮಾಡಿ ಲಿಮಿಟ್ ಹಾಕ್ಬೇಕು. ಎಷ್ಟೋ ಕಾರ್ಡಿಗೆ ಸುಮಾರು ಶೇ 3.5 ಫಾರೆಕ್ಸ್ ಮಾರ್ಕಪ್ಪು (ಹೊರದೇಶದ ಖರ್ಚಿಗೆ ಬ್ಯಾಂಕ್ ಹಾಕೋ ಚಾರ್ಜು), ಅದರ ಮೇಲೆ ಜಿಎಸ್‌ಟಿ. ಅಂದ್ರೆ ಲಕ್ಷ ರೂಪಾಯಿ ಉಜ್ಜಿದ್ರೆ ನಾಲ್ಕು ಸಾವಿರಕ್ಕೂ ಮೇಲೆ ಸುಮ್ನೆ ಹೋಯ್ತು. ಮಾರ್ಕಪ್ ಇಲ್ಲದ ಕಾರ್ಡುಗಳೂ ಅದಾವೆ, ಒಂದು ತಿಂಗಳು ಮುಂಚೆನೇ ಅಪ್ಲೈ ಮಾಡ್ರಿ. ಹೊರದೇಶದ ದುಡ್ಡನ್ನ ಮೊದ್ಲೇ ತುಂಬಿಡೋ ಫಾರೆಕ್ಸ್ ಕಾರ್ಡ್ ತಗೋರಿ ಅಂತ ಎಲ್ಲಾರೂ ಹೇಳ್ತಾರೆ, ಆದ್ರೆ ಹೆಚ್ಚಿನ ಕಾರ್ಡಲ್ಲಿ ಬಾಲಿಯಲ್ಲಿ ನಡೆಯೋ ಇಂಡೋನೇಷ್ಯಾ ರುಪಿಯಾ ತುಂಬೋಕೆ ಬರಲ್ಲ, ಡಾಲರ್ ತುಂಬಿ ಅಲ್ಲಿ ರುಪಿಯಾದಲ್ಲಿ ಖರ್ಚು ಮಾಡಿದ್ರೆ ಮತ್ತೆ ಕ್ರಾಸ್ ಕರೆನ್ಸಿ ಚಾರ್ಜ್ ಬೀಳುತ್ತೆ, ಹಾಗಾಗಿ ಬಾಲಿಗೆ ಅದು ಅಂಥಾ ಲಾಭ ಏನಿಲ್ಲ. ಕ್ರೆಡಿಟ್ ಕಾರ್ಡಲ್ಲಿ ಎಟಿಎಂನಿಂದ ಕ್ಯಾಶ್ ಮಾತ್ರ ತೆಗೀಬೇಡ್ರಿ, ಬಡ್ಡಿ ಅವತ್ತಿಂದ್ಲೇ ಶುರು. ಯುಪಿಐ ನಂಬ್ಕೊಂಡೂ ಹೋಗ್ಬೇಡ್ರಿ. ಓಟಿಪಿ ಬರೋ ಸಿಮ್ಮು ಜೊತೆಗಿರ್ಲಿ, ಅದರಲ್ಲಿ ರೋಮಿಂಗ್ ಆನ್ ಆಗಿರ್ಲಿ.

ಕ್ಯಾಶ್ ಅಂದ್ರೆ ಡಾಲರ್. ನಮ್ಮೂರಲ್ಲಿ ಎಲ್ಲಾ ಬ್ರ್ಯಾಂಚಲ್ಲೂ ಡಾಲರ್ ನೋಟು ರೆಡಿ ಇಟ್ಕೊಂಡಿರಲ್ಲ, ವಾರ ಹತ್ತು ದಿನ ಮುಂಚೆ ಹೋಗಿ ಹೇಳ್ರಿ, ಪಾಸ್‌ಪೋರ್ಟು, ಪ್ಯಾನು, ಟಿಕೆಟ್ಟು, ವೀಸಾ ಕಾಪಿ ಕೇಳ್ತಾರೆ. 50 ಸಾವಿರ ರೂಪಾಯಿ ದಾಟಿದ್ರೆ ನಗದು ತಗೊಳಲ್ಲ, ಅಕೌಂಟಿಂದ್ಲೇ ಕೊಡ್ಬೇಕು. 100 ಡಾಲರ್ ನೋಟೇ ಇಸ್ಕೊಳ್ರಿ, ಹೊಸ ಸೀರೀಸು, ಮಡಚಿರಬಾರ್ದು, ಪೆನ್ನಿನ ಗೀಟು ಇರಬಾರ್ದು. ಹಳೇ ನೋಟು, ಸಣ್ಣ ನೋಟಿಗೆ ಬಾಲಿಯಲ್ಲಿ ರೇಟು ಇಳಿಸ್ತಾರೆ, ಕೆಲವ್ರು ಮುಟ್ಟೋದೇ ಇಲ್ಲ.

ಈಗ ಮುಖ್ಯ ವಿಷಯ, ಡಾಲರ್ ಬದಲಾಯಿಸೋದು. ಬಾಲಿಯ ಕೂಟಾ, ಲೆಗಿಯನ್ ಬೀದೀಲಿ ಹತ್ತು ಹೆಜ್ಜೆಗೊಂದು ಬೋರ್ಡು, ಎಲ್ಲಾರಿಗಿಂತ ಜಾಸ್ತಿ ರೇಟು ಬರೆದು ಕಮಿಷನ್ ಇಲ್ಲ ಅಂತ ಹಾಕಿರ್ತಾರೆ. ಅದೊಂದು ಬಟ್ಟೆ ಅಂಗಡಿ, ಮೂಲೇಲಿ ಟೇಬಲ್ಲು, ಕ್ಯಾಲ್ಕುಲೇಟರ್ರು. 100 ಡಾಲರ್‌ಗೆ 16 ಲಕ್ಷ ರುಪಿಯಾ ಬರುತ್ತೆ ಅಂದ್ಕೊಳ್ರಿ, 1 ಲಕ್ಷದ ಕೆಂಪು ನೋಟಲ್ಲಿ ಕೊಟ್ರೆ ಹದಿನಾರೇ ನೋಟು, ಆದ್ರೆ ಅವನು ಬೇಕಂತ್ಲೇ 20 ಸಾವಿರ, 50 ಸಾವಿರದ್ದು ಕೊಡ್ತಾನೆ. ಸಣ್ಣ ಸಣ್ಣ ಗುಡ್ಡೆ ಮಾಡಿ ಇಡ್ತಾನೆ, ನೀವು ಎಣಿಸ್ತೀರಿ, ಲೆಕ್ಕ ಸರಿ ಇರುತ್ತೆ. ಆಮೇಲೆ ಇನ್ನೊಂದ್ಸಲ ನೋಡ್ತೀನಿ ಅಂತ ಕಟ್ಟನ್ನ ವಾಪಸ್ ಇಸ್ಕೊಂಡು ಟೇಬಲ್ ಅಂಚಿಗೆ ತಟ್ಟಿ ಜೋಡಿಸ್ತಾನಲ್ಲ, ಆಗ ಹಿಂದಿನ ನಾಲ್ಕೈದು ನೋಟು ಅವನ ಕಡೆ ಜಾರಿ ಕೆಳಗೆ ಬೀಳ್ತಾವೆ. ನಮ್ಮ ಮಂಡಿಪೇಟೆ ವ್ಯಾಪಾರಸ್ಥರು ಹೆಂಗೆ ಎಣಿಸಿದ ಮೇಲೆ ನೋಟನ್ನ ಕೈಯಿಂದ ಬಿಡಲ್ವೋ ಹಂಗಿರ್ರಿ: ಕೊನೇ ಎಣಿಕೆ ನಿಮ್ದೇ, ಎಣಿಸಿದ್ಮೇಲೆ ಸೀದಾ ಜೇಬಿಗೆ, ಅವನು ಮತ್ತೆ ಮುಟ್ಟಿದ್ರೆ ನಿಮ್ಮ ಡಾಲರ್ ವಾಪಸ್ ಕೇಳಿ ಎದ್ದು ಬನ್ರಿ. ಅದಕ್ಕಿಂತ ಒಳ್ಳೇದು ಗಾಜಿನ ಕೌಂಟರು, ಸಿಸಿಟಿವಿ, ಪ್ರಿಂಟಾದ ರಸೀದಿ ಇರೋ ಲೈಸೆನ್ಸ್ ಅಂಗಡಿಗೇ ಹೋಗೋದು, ಅಲ್ಲಿ ಬರೆದಿರೋ ರೇಟು ಒಂಚೂರು ಕಮ್ಮಿ ಇರುತ್ತೆ, ಆದ್ರೆ ಕೈಗೆ ಬರೋದು ಅಷ್ಟೂ ನಿಮ್ದೇ.

ಎಟಿಎಂ ಬೇಕಾದ್ರೆ ಬ್ಯಾಂಕಿನ ಒಳಗಿರೋದು ನೋಡ್ರಿ. ಅಲ್ಲಿ ಎಷ್ಟೋ ಮಷಿನ್‌ನಲ್ಲಿ ಮೊದ್ಲು ದುಡ್ಡು ಬರುತ್ತೆ, ಆಮೇಲೆ ಕಾರ್ಡು, ದುಡ್ಡು ಎತ್ಕೊಂಡು ಹಂಗೇ ನಡೆದು ಬಿಡೋರು ಬಹಳ ಜನ. ಇನ್ನು ಮಷಿನ್ನೋ ಅಂಗಡಿಯವನೋ ರೂಪಾಯಲ್ಲಿ ಚಾರ್ಜ್ ಮಾಡ್ಲಾ ಅಂತ ಕೇಳಿದ್ರೆ ಬೇಡ ಅನ್ರಿ, ಯಾವಾಗ್ಲೂ ರುಪಿಯಾದಲ್ಲೇ, ಇಲ್ಲಾಂದ್ರೆ ಅವರು ಹಾಕಿದ್ದೇ ರೇಟು.

ಸೊನ್ನೆ ನೋಡಿ ಗಾಬರಿ ಬೇಡ. ಮೂರು ಸೊನ್ನೆ ಹೊಡೆದು ಉಳಿದಿದ್ದನ್ನ ಐದೂವರೆಯಿಂದ ಗುಣಿಸ್ರಿ, 1 ಲಕ್ಷ ಅಂದ್ರೆ ನಮ್ಮ ಐನೂರೈವತ್ತರ ಹತ್ರ. ಮೆನುವಿನಲ್ಲಿ ರೇಟಿನ ಪಕ್ಕ ಎರಡು ಪ್ಲಸ್ ಗುರುತು ಇದ್ರೆ ಟ್ಯಾಕ್ಸು, ಸರ್ವಿಸ್ ಚಾರ್ಜು ಬೇರೆ, ಬಿಲ್ಲು ಶೇ 15ರಿಂದ 21ರವರೆಗೂ ಏರುತ್ತೆ.

ಇಲ್ಲಿಂದ್ಲೇ ಕಟ್ಟೋ ಎರಡು ಖರ್ಚು ಅದಾವೆ. ವೀಸಾ ಆನ್ ಅರೈವಲ್ 5 ಲಕ್ಷ ರುಪಿಯಾ, ಆಮೇಲೆ 2024ರ ಫೆಬ್ರವರಿ 14ರಿಂದ ಬಂದಿರೋ ಪ್ರವಾಸಿ ತೆರಿಗೆ ತಲೆಗೆ ಒಂದೂವರೆ ಲಕ್ಷ ರುಪಿಯಾ. ಎರಡೂ ಆನ್‌ಲೈನ್ ಆಗುತ್ತೆ, ಆದ್ರೆ ಸರ್ಕಾರಿ ಸೈಟಿನ ವಿಳಾಸ 'ಜಿಓ ಡಾಟ್ ಐಡಿ' (go.id) ಅಂತ ಮುಗೀಬೇಕು. ಅದೇ ಥರ ಕಾಣೋ ಬೇರೆ ಸೈಟುಗಳು ಮೇಲೆ ಜಾಸ್ತಿ ತಗೋತಾವೆ. ಊರಿನ ಏಜೆಂಟ್ ಹತ್ರ ಪ್ಯಾಕೇಜ್ ಮಾಡ್ಸಿದ್ರೆ ಟಿಸಿಎಸ್ (ಮುಂಚೇನೇ ವಸೂಲಿ ಮಾಡೋ ಆದಾಯ ತೆರಿಗೆ) ಹಾಕ್ತಾರೆ, ಅದನ್ನ ಐಟಿ ರಿಟರ್ನ್‌ನಲ್ಲಿ ಕ್ಲೈಮ್ ಮಾಡ್ಬಹುದು, ಬಿಡಬೇಡ್ರಿ.

ಬುಕಿಂಗ್‌ನಲ್ಲಿ ನನ್ನ ಲೆಕ್ಕ ಸಿಂಪಲ್. ಸೀಟು ಇಷ್ಟೇ ಅಂತ ಇರೋದು ಮೊದ್ಲೇ, ಮಿಕ್ಕಿದ್ದು ಅಲ್ಲಿ ಹೋದ್ಮೇಲೆ. ಉಲುವಾಟು ದೇವಸ್ಥಾನದಲ್ಲಿ ಸೂರ್ಯ ಮುಳುಗೋ ಹೊತ್ತಿಗೆ ನಡೆಯೋ ಕೆಚಕ್ ನೃತ್ಯ, ರಾಮಾಯಣದ ಕಥೇನೇ, ಮಕ್ಕಳಿಗೆ ತೋರಿಸ್ಲೇಬೇಕು, ಸೀಸನ್‌ನಲ್ಲಿ ಟಿಕೆಟ್ ಬೇಗ ಮುಗಿಯುತ್ತೆ, ಮೊದ್ಲೇ ತಗೊಳ್ರಿ. 1,717 ಮೀಟರ್ ಎತ್ತರದ ಬಾತೂರ್ ಬೆಟ್ಟದ ಸೂರ್ಯೋದಯ ಟ್ರೆಕ್ಕಿಗೆ ರಾತ್ರಿ ಎರಡರ ಸುಮಾರಿಗೆ ಗಾಡಿ ಬರುತ್ತೆ, ಬುಕ್ ಮಾಡೋ ಮುಂಚೆ ನಿಮ್ಮ ಹೋಟ್ಲು ಇರೋ ಏರಿಯಾಕ್ಕೆ ಪಿಕಪ್ ಐತಾ ಅಂತ ಓದ್ರಿ.

ನುಸಾ ಪೆನಿಡಾ ದ್ವೀಪಕ್ಕೆ ಬಾಲಿಯ ಸಾನೂರಿಂದ ಫಾಸ್ಟ್ ಬೋಟು. ಇಲ್ಲಿ ರೇಟು ಮಾತ್ರ ನೋಡಬೇಡ್ರಿ, ಊಟ, ದ್ವೀಪದಲ್ಲಿ ಕಾರು, ಎಂಟ್ರಿ ಫೀಸು ಸೇರಿದಾವಾ ಅಂತ ಒಂದೊಂದೇ ಕೇಳ್ರಿ, ಅಗ್ಗದ್ದರಲ್ಲಿ ಇವೇ ಬಿಟ್ಟು ಹೋಗಿರ್ತಾವೆ. ನವೆಂಬರ್‌ನಿಂದ ಮಾರ್ಚ್‌ವರೆಗೆ ಮಳೆಗಾಲ, ಅಲೆ ಜೋರಿದ್ರೆ ಬೋಟು ನಿಲ್ಲಿಸ್ತಾರೆ, ಅದಕ್ಕೆ 24 ಗಂಟೆ ಮುಂಚೆ ಕ್ಯಾನ್ಸಲ್ ಮಾಡಿದ್ರೆ ದುಡ್ಡು ವಾಪಸ್ ಅನ್ನೋ ಟಿಕೆಟ್ಟೇ ತಗೊಳ್ರಿ, ವಾಪಸ್ ಫ್ಲೈಟಿನ ಹಿಂದಿನ ದಿನಕ್ಕಂತೂ ಇದನ್ನ ಇಟ್ಕೊಳ್ಳೇಬೇಡ್ರಿ.

ಉಳಿದ ಓಡಾಟಕ್ಕೆ, ಅದ್ರಲ್ಲೂ ಅಪ್ಪ ಅಮ್ಮ ಜೊತೆಗಿದ್ರೆ, ಡ್ರೈವರ್ ಸಮೇತ ದಿನದ ಕಾರು ಚೆನ್ನಾಗಿರುತ್ತೆ, ಸಾಮಾನ್ಯವಾಗಿ 6ರಿಂದ 8 ಲಕ್ಷ ರುಪಿಯಾ. ಇದನ್ನ ಇಲ್ಲಿಂದ ಬುಕ್ ಮಾಡೋ ಅಗತ್ಯ ಇಲ್ಲ. ವಾಟ್ಸಾಪ್‌ನಲ್ಲಿ ಎಷ್ಟು ಗಂಟೆ, ಪೆಟ್ರೋಲು, ಪಾರ್ಕಿಂಗು ಸೇರಿ ಎಷ್ಟು ಅಂತ ಬರೆಸ್ಕೊಂಡು ದುಡ್ಡನ್ನ ಸಂಜೆ ಕೊಡ್ರಿ.

ಯುಗಾದಿ ರಜೆಗೆ ಹೋಗೋರು ಇದನ್ನ ನೋಡ್ಲೇಬೇಕು. ಬಾಲಿಯವರದ್ದೂ ಶಕ ವರ್ಷನೇ, ಅವರ ಹೊಸ ವರ್ಷ ನ್ಯೆಪಿ ನಮ್ಮ ಯುಗಾದಿ ಆಸುಪಾಸೇ ಬರೋದು ಜಾಸ್ತಿ, 2026ರಲ್ಲಿ ಎರಡೂ ಮಾರ್ಚ್ 19ಕ್ಕೆ. ಅವತ್ತು ಬೆಳಿಗ್ಗೆ ಆರರಿಂದ ಮಾರನೇ ದಿನ ಆರರವರೆಗೆ ಏರ್‌ಪೋರ್ಟೇ ಬಂದ್, ಯಾರೂ ಹೋಟ್ಲು ಬಿಟ್ಟು ಹೊರಗೆ ಬರಂಗಿಲ್ಲ. ಆ ದಿನಕ್ಕೆ ಯಾವ ಟೂರೂ ಹಾಕ್ಬೇಡ್ರಿ, ಕ್ಯಾಶು ಹಿಂದಿನ ದಿನವೇ ತೆಗೆದಿಟ್ಕೊಳ್ರಿ.

ರುಪಿಯಾ ಉಳಿಸ್ಕೊಂಡು ಬರಬೇಡ್ರಿ, ಇಲ್ಲಿ ಅದಕ್ಕೆ ರೇಟೇ ಇಲ್ಲ, ಕೊನೇ ದಿನದ ಹೋಟ್ಲು ಬಿಲ್ಲಿಗೆ ಅದನ್ನೇ ಕೊಟ್ಟು ಬಾಕಿಗೆ ಕಾರ್ಡ್ ಕೊಡ್ರಿ. ಉಳಿದ ಡಾಲರ್ 2,000ದವರೆಗೂ ಮನೇಲಿ ಇಟ್ಕೋಬಹುದು. ಊರಿಗೆ ಬಂದ ದಿನವೇ ಕಾರ್ಡಿನ ಇಂಟರ್‌ನ್ಯಾಷನಲ್ ಬಳಕೆ ಆಫ್ ಮಾಡ್ರಿ, ಒಂದೆರಡು ವಾರ ಸ್ಟೇಟ್‌ಮೆಂಟ್ ನೋಡ್ತಾ ಇರ್ರಿ, ಅಲ್ಲಿಯ ಬಿಲ್ಲು ಕೆಲವು ತಡವಾಗಿ ಬರ್ತಾವೆ.