ಉಳಿ ಹಿಡಿಯುವ ಕೈ ಕೆಡದಂತೆ ಹೊಲಿಯುವುದು ಹೇಗೆ?

ಶೂ ಹೊಲಿಯುವವರಿಗೆ ಕೈ ನೋವು ಶುರುವಾಯಿತು ಅನ್ನಿ, ಮೊದಲು ಮಾಡುವ ಕೆಲಸ ಮಣಿಕಟ್ಟಿಗೆ ಬಿಗಿಯಾಗಿ ಪಟ್ಟಿ ಸುತ್ತಿಕೊಳ್ಳುವುದು. ಆಮೇಲೆ ನೋವು ತಂದ ಅದೇ ಭಂಗಿಯಲ್ಲಿ ಮತ್ತೆ ಕೂರುವುದು! ಪಟ್ಟಿಯ ವಿಷಯ ಆಮೇಲೆ ನೋಡೋಣ.

ಮೊದಲು ಉಳಿ (ತೊಗಲಿಗೆ ತೂತು ಹಾಕುವ ಚೂಪು ಮೊನೆ), ರಂಪಿಗೆ (ತೊಗಲು ಕೊಯ್ಯುವ ಕತ್ತಿ) ಎರಡನ್ನೂ ಮಸೆದುಕೊಳ್ಳಿ. ಮೊಂಡಾದಷ್ಟೂ ಜಾಸ್ತಿ ಒತ್ತಬೇಕಾಗುತ್ತದೆ.

ಎರಡನೆಯದು, ಉಳಿಯ ಹಿಡಿ. ಪೆನ್ಸಿಲ್‌ನಂಥ ಸಣ್ಣ ಹಿಡಿಯನ್ನು ಬೆರಳ ತುದಿಯಲ್ಲಿ ಚಿವುಟಿಕೊಂಡೇ ಇರಬೇಕು, ದಿನವಿಡೀ. ತೊಗಲಿನ ಚೂರು ಸುತ್ತಿ 3ರಿಂದ 4 ಸೆಂ.ಮೀ. ದಪ್ಪ ಮಾಡಿ. ಹಿಡಿಯ ಬುಡ ಅಂಗೈ ಮಧ್ಯಕ್ಕೆ ಒತ್ತದಷ್ಟು ಉದ್ದ ಇರಲಿ. ಜೆಲ್ ಕವರ್‌ಗಳ ತಂಟೆಗೆ ಹೋಗಬೇಡಿ. ದಾರದ ಮೇಣ ತಾಗಿದರೆ ಜಾರುತ್ತವೆ, ಆಗ ಇನ್ನೂ ಬಿಗಿಯಾಗಿ ಹಿಡಿಯುತ್ತೀರಿ.

ಎಲ್ಲರೂ ಎಡವುವುದು ಹೊಲಿಗೆಯಲ್ಲಿ. ಶೂ ತೊಡೆಯ ಮೇಲೆ ಅಲ್ಲಾಡದೆ ಕೂತಿರುತ್ತದೆ, ಕೈ ಅದರ ಸುತ್ತ ತಿರುಗುತ್ತದೆ. ಶೂವಿನ ಮೂತಿಯ ಹತ್ತಿರ ಬರುವಷ್ಟರಲ್ಲಿ ಮಣಿಕಟ್ಟು ಕುಡುಗೋಲಿನ ಹಾಗೆ ಬಾಗಿರುತ್ತದೆ, ಆ ಬಾಗಿದ ಕೈಯಲ್ಲೇ ಉಳಿ ಚುಚ್ಚುತ್ತಾರೆ. ಮಣಿಕಟ್ಟಿನ ಒಳಗೆ ಒಂದು ಇಕ್ಕಟ್ಟಾದ ದಾರಿ ಇದೆ, ಅದರಲ್ಲಿ ಬೆರಳು ಮಡಿಸುವ 9 ಸ್ನಾಯುರಜ್ಜುಗಳ ಜೊತೆ ಒಂದು ನರವೂ ಹಾದುಹೋಗುತ್ತದೆ. ಕೈ ಬಾಗಿದಾಗ ಆ ನರದ ಮೇಲೆ ಒತ್ತಡ. ಅದಕ್ಕೇ ಕೈ ತಿರುಗಿಸಬೇಡಿ, ಶೂ ತಿರುಗಿಸಿ. ಮುಂಗೈ ಮೇಲೆ ಸ್ಕೇಲ್ ಇಟ್ಟರೆ ಬೆರಳ ಗೆಣ್ಣಿನವರೆಗೂ ನೇರವಾಗಿ ಕೂರಬೇಕು.

ಶೂ ಹಿಡಿಯುವ ಎಡಗೈಯನ್ನಂತೂ ಯಾರೂ ಲೆಕ್ಕಕ್ಕೇ ಇಡುವುದಿಲ್ಲ. ಬಲಗೈಗೆ ನಡುನಡುವೆ ಬಿಡುವಾದರೂ ಸಿಗುತ್ತದೆ, ಎಡಗೈ ಗಂಟೆಗಟ್ಟಲೆ ಚಿವುಟಿಕೊಂಡೇ ಇರುತ್ತದೆ ಅಲ್ವಾ? ಶೂ ಮೇಲಿಂದ ಒಂದು ಬೆಲ್ಟ್ ಇಳಿಬಿಟ್ಟು ಪಾದದಡಿ ತುಳಿದುಕೊಳ್ಳಿ, ಶೂ ತೊಡೆಗೆ ಕಚ್ಚಿಕೊಂಡು ನಿಲ್ಲುತ್ತದೆ.

ದಾರ ಬಿಗಿಯುವಾಗ ಬೆರಳಿಗೆ ಸುತ್ತಿ ಮಣಿಕಟ್ಟನ್ನು ಪಕ್ಕಕ್ಕೆ ಝಾಡಿಸುವುದು ಇನ್ನೊಂದು ಕೆಟ್ಟ ಚಾಳಿ. ಅದರಿಂದ ಹೆಬ್ಬೆರಳ ಬುಡ ನೋಯಬಹುದು. ದಾರವನ್ನು ಗಿಡ್ಡ ಕೋಲಿಗೆ ಸುತ್ತಿ, ಮೊಣಕೈ ಹಿಂದಕ್ಕೆ ಹೋಗುವಂತೆ ತೋಳಿನಿಂದ ಎಳೆಯಿರಿ. ಮೊದಲ ವಾರ ನಿಧಾನ ಆಗುತ್ತದೆ, ಆಗಲಿ.

ಅರ್ಧ ಗಂಟೆಗೊಮ್ಮೆ ಎರಡು ನಿಮಿಷ ಕೈ ಬಿಡಿ. ಮೊಬೈಲ್ ಒತ್ತುವುದು ಬಿಡುವಲ್ಲ.

ಇಷ್ಟಾದರೂ ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು, ಎದ್ದು ಕೈ ಕೊಡವಿದರೆ ಹಗುರವಾಗುತ್ತಿದ್ದರೆ ಒತ್ತಡಕ್ಕೆ ಸಿಕ್ಕಿರುವುದು ಮಣಿಕಟ್ಟಿನ ಆ ನರವೇ ಇರಬಹುದು. ಕಿರುಬೆರಳಿಗೆ ಸಾಮಾನ್ಯವಾಗಿ ಏನೂ ಆಗಿರುವುದಿಲ್ಲ. ಪಟ್ಟಿ ಬೇಕಾಗುವುದು ಈಗ: ಮಲಗುವಾಗ, ಮಣಿಕಟ್ಟು ನೇರ ಇಡುವಂಥದ್ದು, ಸಡಿಲವಾಗಿ. ಹೆಬ್ಬೆರಳ ಬುಡದ ಮಾಂಸ ಕರಗಿದಂತೆ ಕಂಡರಂತೂ ಕಾಯಲೇಬೇಡಿ, ಡಾಕ್ಟರ ಹತ್ತಿರ ಹೋಗಿ.

ಜೋಮು ಎರಡೂ ಪಾದಗಳಲ್ಲಿ ಶುರುವಾದರೆ ಹೊಲಿಗೆಯನ್ನು ಬೈದು ಪ್ರಯೋಜನವಿಲ್ಲ. ಕೆಲವು ಗೋಂದುಗಳಲ್ಲಿರುವ ಹೆಕ್ಸೇನ್ ಎಂಬ ರಾಸಾಯನಿಕ ನರಗಳನ್ನೇ ಕೆಡಿಸುತ್ತದೆ. ಕಿಟಕಿ ತೆರೆದಿಡಿ, ಬಳಸದಾಗ ಡಬ್ಬಿ ಮುಚ್ಚಿಡಿ, ಡಾಕ್ಟರ ಹತ್ತಿರ ಹೋಗುವಾಗ ಡಬ್ಬಿಯ ಲೇಬಲ್ ಫೋಟೊ ತೆಗೆದುಕೊಂಡು ಹೋಗಿ.