ಎಸ್‌ಯುವಿಗೆ ದೊಡ್ಡ ಇಂಟರ್‌ಕೂಲರ್: ಕೂರಿಸುವುದು ಸುಲಭ, ಹೋಸ್ ಜೋಡಿಸುವುದೇ ಕೆಲಸ

ಟರ್ಬೊ ಡೀಸೆಲ್ ಎಸ್‌ಯುವಿಗೆ ಇನ್ನಷ್ಟು ಪಿಕಪ್ ಬೇಕು ಅನ್ನುವವರಿಗೆ ನಾನು ಮೊದಲು ಹೇಳುವುದು ಇಂಟರ್‌ಕೂಲರ್ ಬದಲಿಸಿ ಅಂತಲೇ. ಟರ್ಬೊ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಒತ್ತಿದ ಗಾಳಿ ಕಾಯುತ್ತದೆ. ಟರ್ಬೊ ಕೊಡುವ ಹೆಚ್ಚಿನ ಒತ್ತಡ, ಅಂದರೆ ಬೂಸ್ಟ್, 1 ಬಾರ್ ಇದ್ದಾಗಲೇ ಗಾಳಿ 100 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು. ಬಿಸಿ ಗಾಳಿ ಹಿಗ್ಗಿರುವುದರಿಂದ ಅಷ್ಟೇ ಜಾಗದಲ್ಲಿ ಆಮ್ಲಜನಕ ಕಡಿಮೆ ಸಿಗುತ್ತದೆ. ಆ ಗಾಳಿಯನ್ನು ತಣ್ಣಗೆ ಮಾಡುವುದು ಇಂಟರ್‌ಕೂಲರ್ ಕೆಲಸ. ಗಾಡಿ ತುಂಬಾ ಜನ, ಎ.ಸಿ. ಆನ್, ಮುಗಿಯದ ಏರು ದಾರಿ. ಇಂಥ ಕಡೆ ಕಂಪನಿಯ ಚಿಕ್ಕ ಇಂಟರ್‌ಕೂಲರ್ ತಾನೇ ಕಾದು ಸೋಲುತ್ತದೆ. ದೊಡ್ಡದು ಅಷ್ಟು ಬೇಗ ಸೋಲುವುದಿಲ್ಲ.

ಆದರೆ ಇದನ್ನು ಹಾಕಿಸಿಕೊಂಡ ಎಷ್ಟೋ ಗಾಡಿಗಳು ಮೊದಲಿಗಿಂತ ಮಂದವಾಗುವುದನ್ನು, ಕಪ್ಪು ಹೊಗೆ ಉಗುಳುವುದನ್ನು ನೋಡಿದ್ದೇನೆ. ಬೈಗುಳ ಬೀಳುವುದು ಇಂಟರ್‌ಕೂಲರ್‌ಗೆ. ತೊಂದರೆ ಇರುವುದು ಟರ್ಬೊದಿಂದ ಇಂಟರ್‌ಕೂಲರ್‌ಗೆ, ಅಲ್ಲಿಂದ ಎಂಜಿನ್ನಿಗೆ ಗಾಳಿ ಒಯ್ಯುವ ಹೋಸ್ ಮತ್ತು ಪೈಪು ಕೂಡುವ ಜಾಗದಲ್ಲಿ. ಒಳಗೆ ಬಂದ ಗಾಳಿಯನ್ನು ಏರ್‌ಫ್ಲೋ ಸೆನ್ಸರ್ ಟರ್ಬೊಗಿಂತ ಮುಂಚೆಯೇ ಅಳೆದಿರುತ್ತದೆ. ಎಂಜಿನ್ ನಡೆಸುವ ಕಂಪ್ಯೂಟರ್, ಅಂದರೆ ಇಸಿಯು, ಆ ಲೆಕ್ಕದ ಮೇಲೆ ಡೀಸೆಲ್ ಬಿಡುತ್ತದೆ. ಅಳೆದ ಗಾಳಿ ನಡುದಾರಿಯಲ್ಲಿ ಸೋರಿದರೆ ಡೀಸೆಲ್ ಜಾಸ್ತಿಯಾಗುತ್ತದೆ, ಹೊಗೆ ಬರುತ್ತದೆ, ಮಸಿ ಹೋಗಿ ಸೈಲೆನ್ಸರ್ ದಾರಿಯ ಮಸಿ ಫಿಲ್ಟರ್ ಆದ ಡಿಪಿಎಫ್‌ನಲ್ಲಿ ಕೂರುತ್ತದೆ. ಸೋರಿಕೆ ದೊಡ್ಡದಿದ್ದರೆ ಬೂಸ್ಟ್ ಸಾಲದು ಅನ್ನುವ ಪಿ0299 ಕೋಡ್ ತೋರಿಸಿ ಗಾಡಿ ಲಿಂಪ್ ಮೋಡ್‌ಗೆ, ಅಂದರೆ ಶಕ್ತಿ ಕಡಿಮೆ ಮಾಡಿಕೊಂಡು ಓಡುವ ಸ್ಥಿತಿಗೆ, ಹೋಗುತ್ತದೆ.

ಕೊಳ್ಳುವ ಮುಂಚೆ

ನಿಮ್ಮ ಮಾಡೆಲ್‌ಗೇ ಮಾಡಿದ ಕಿಟ್ ತೆಗೆದುಕೊಳ್ಳಿ. ಎಲ್ಲಾ ಗಾಡಿಗೂ ಆಗುತ್ತೆ ಅನ್ನುವ ಕಿಟ್ ಬೇಡ. ಅದರಲ್ಲಿ ಬ್ರ್ಯಾಕೆಟ್ ಕೊರೆಯುವುದರಲ್ಲೇ ದಿನ ಹೋಗುತ್ತದೆ. ಅತಿ ದೊಡ್ಡದೂ ಬೇಡ. ರೇಡಿಯೇಟರ್‌ಗೆ ಹೋಗುವ ಗಾಳಿಗೆ ಅದು ಅಡ್ಡ ನಿಲ್ಲುತ್ತದೆ, ಬೂಸ್ಟ್ ಏರುವುದೂ ತಡವಾಗುತ್ತದೆ.

ಸಿಲಿಕೋನ್ ಹೋಸ್ ವಿಷಯದಲ್ಲಿ ಒಂದು ಮಾತು ಖಂಡಿತ ನೆನಪಿಡಿ. ಸಾದಾ ಸಿಲಿಕೋನ್ ಎಣ್ಣೆ ಕುಡಿಯುತ್ತದೆ. ಡೀಸೆಲ್ ಎಂಜಿನ್ನಿನ ಒಳಗಿನ ಆವಿ ಹೊರಬಿಡುವ ಬ್ರೀದರ್‌ನಿಂದ ಬರುವ ಎಣ್ಣೆಯ ಆವಿ ಈ ದಾರಿಯಲ್ಲೇ ಹೋಗುತ್ತದೆ ಅಲ್ವಾ? ಹಾಗಾಗಿ ಒಳಗೆ ಫ್ಲೋರೋಸಿಲಿಕೋನ್ ಪದರ ಇರುವ ಹೋಸನ್ನೇ ಕೇಳಿ. ಇಲ್ಲದಿದ್ದರೆ ದಿನ ಕಳೆದಂತೆ ಹೋಸ್ ಮೆತ್ತಗಾಗುತ್ತದೆ, ಎಣ್ಣೆ ಹೊರಗೆ ಜಿನುಗುತ್ತದೆ.

ಪೈಪಿನೊಳಗೆ ಕೂರಿಸುವ ಫ್ಯಾನ್ ಥರದ ರೆಕ್ಕೆಗಳು, ಸೆನ್ಸರ್ ವೈರಿಗೆ ಸಿಕ್ಕಿಸುವ ಅಗ್ಗದ ಚಿಪ್ ಡಬ್ಬಿಗಳು ಇವೆಲ್ಲಾ ಸುಮ್ನೆ ದುಡ್ಡು ದಂಡ. ರೆಕ್ಕೆ ಗಾಳಿಗೆ ಅಡ್ಡ ನಿಲ್ಲುತ್ತದೆ ಅಷ್ಟೇ. ಅಗ್ಗದ ಡಬ್ಬಿ ಇಸಿಯುಗೆ ಸುಳ್ಳು ಲೆಕ್ಕ ಕೊಡುತ್ತದೆ. ಹಾಗೆಯೇ ಬಾನೆಟ್ ಒಳಗೆ ತೆರೆದಿಡುವ ಕೋನ್ ಫಿಲ್ಟರ್ ಎಂಜಿನ್ನಿನ ಬಿಸಿ ಗಾಳಿಯನ್ನೇ ಎಳೆಯುತ್ತದೆ. ಇಂಟರ್‌ಕೂಲರ್ ಹಾಕಿ ಅದನ್ನೂ ಹಾಕಿದರೆ ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡಂತೆ.

ವಾರಂಟಿ, ವಿಮೆ, ನಿಮ್ಮಲ್ಲಿನ ಸಾರಿಗೆ ನಿಯಮ ಮೂರನ್ನೂ ಈಗಲೇ ವಿಚಾರಿಸಿಕೊಳ್ಳಿ. ಹಾಕಿದ ಮೇಲೆ ಕೇಳಿ ಪ್ರಯೋಜನವಿಲ್ಲ.

ಹಳೆಯದನ್ನು ಬಿಚ್ಚುವುದು

ಎಂಜಿನ್ ಪೂರ್ತಿ ತಣ್ಣಗಾಗಲಿ. ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ. ಬಂಪರ್ ಬಿಚ್ಚಿ, ಹಳೇ ಇಂಟರ್‌ಕೂಲರ್ ತೆಗೆಯಿರಿ. ಎ.ಸಿ. ಪೈಪು ಅಡ್ಡ ಬಂದರೆ ಬಿಚ್ಚಬೇಡಿ, ಗ್ಯಾಸ್ ಹೋಗುತ್ತದೆ. ಬೂಸ್ಟ್ ಸೆನ್ಸರ್ ತೆಗೆಯುವಾಗ ಅದರ ಓ-ರಿಂಗ್ (ಸೋರದಂತೆ ಹಾಕುವ ರಬ್ಬರ್ ಬಳೆ) ಹಳೇ ಪೈಪಿನಲ್ಲೇ ಉಳಿದಿದೆಯಾ ನೋಡಿಕೊಳ್ಳಿ.

ಟರ್ಬೊ ಬಾಯಿ ತೆರೆದ ಕ್ಷಣವೇ ಅದನ್ನು ಮುಚ್ಚಿ. ತುರುಕುವ ಬಟ್ಟೆ ದೊಡ್ಡದಿರಲಿ, ಬಣ್ಣ ಎದ್ದು ಕಾಣಲಿ, ತುದಿ ಹೊರಗೆ ನೇತಾಡುತ್ತಿರಲಿ. ಟರ್ಬೊ ಚಕ್ರ ನಿಮಿಷಕ್ಕೆ 1 ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಒಂದು ಚಿಕ್ಕ ನಟ್ಟು ಬಿದ್ದರೂ ಆ ಟರ್ಬೊ ಕೆಲಸಕ್ಕೆ ಬರುವುದಿಲ್ಲ.

ಹೊಸದನ್ನು ಕೂರಿಸುವುದು

ಒಳಗೆ ಲೋಹದ ಚೂರು, ಪ್ಯಾಕಿಂಗ್ ತುಂಡು ಉಳಿದಿದೆಯೇ ಅಂತ ಟಾರ್ಚ್ ಹಾಕಿ ನೋಡಿ. ಬ್ರ್ಯಾಕೆಟ್‌ಗೆ ಹಾಕಿ ಬೋಲ್ಟುಗಳನ್ನು ಕೈಯಲ್ಲಷ್ಟೇ ತಿರುಗಿಸಿ ಬಿಡಿ. ಪೂರ್ತಿ ಬಿಗಿ ಮಾಡುವುದು ಹೋಸ್‌ಗಳೆಲ್ಲಾ ಕೂತ ಮೇಲೆ.

ಹೋಸ್ ಜೋಡಿಸುವುದು

ಇಲ್ಲಿ ಅವಸರ ಮಾಡಲೇಬೇಡಿ. ಇಡೀ ಕೆಲಸದ ಅರ್ಧ ಹೊತ್ತು ಇದಕ್ಕೇ ಇಟ್ಟುಕೊಳ್ಳಿ.

ಮೊದಲು ಸ್ವಚ್ಛತೆ. ಹಳೇ ಪೈಪಿನ ತುದಿಯ ಮೇಲೆ ಬೆರಳು ಆಡಿಸಿ ನೋಡಿ, ತೆಳ್ಳಗೆ ಎಣ್ಣೆ ಹತ್ತುತ್ತದೆ. ಆ ಎಣ್ಣೆಯ ಮೇಲೆ ಹೋಸ್ ಹಾಕಿದರೆ ಎಷ್ಟು ಬಿಗಿ ಮಾಡಿದರೂ ಬೂಸ್ಟ್ ಬಂದಾಗ ಜಾರಿ ಕಳಚುತ್ತದೆ. ಬ್ರೇಕ್ ಕ್ಲೀನರ್ ಹಾಕಿದ ಬಟ್ಟೆಯಿಂದ ಪೈಪಿನ ಹೊರಮೈ ಒರೆಸಿ. ಹೋಸ್‌ನ ಒಳಮೈಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಸಾಕು. ಒರೆಸಿದ ಬಟ್ಟೆ ಬಿಳಿಯಾಗಿಯೇ ಉಳಿಯುವ ತನಕ ಒರೆಸಿ.

ಹೋಸ್ ಹತ್ತುವುದಿಲ್ಲ ಅಂತ ಗ್ರೀಸ್ ಸವರುವವರಿದ್ದಾರೆ. ಗ್ಯಾಸ್ಕೆಟ್ ಅಂಟು ಬಳಿಯುವವರೂ ಇದ್ದಾರೆ. ಎರಡೂ ತಪ್ಪು. ಗ್ರೀಸ್ ಜಾರಿಸುತ್ತದೆ. ಅಂಟಿನ ಚೂರು ಕಿತ್ತು ಎಂಜಿನ್ ಒಳಗೆ ಹೋಗುತ್ತದೆ. ತುಂಬಾ ಬಿಗಿಯಿದ್ದರೆ ಹೋಸ್ ಅನ್ನು ಸ್ವಲ್ಪ ಹೊತ್ತು ಬಿಸಿನೀರಲ್ಲಿ ಅದ್ದಿ, ಒಳಗೆ ನೀರಿಲ್ಲದಂತೆ ಒರೆಸಿ, ತಿರುಚುತ್ತಾ ತಳ್ಳಿ.

ಪೈಪಿನ ತುದಿಯ ಸುತ್ತ ಬಳೆಯಂಥ ಉಬ್ಬು ಇರುತ್ತದೆ. ಹೋಸ್ ಆ ಉಬ್ಬು ದಾಟಿ ಒಳಗೆ ಹೋಗಬೇಕು. ಕ್ಲ್ಯಾಂಪ್ ಕೂರಬೇಕಾದ್ದು ಉಬ್ಬಿಗೂ ಹೋಸ್‌ನ ತುದಿಗೂ ನಡುವೆ. ನಾನು ನೋಡಿದ ಸೋರಿಕೆಗಳಲ್ಲಿ ಹೆಚ್ಚಿನವು ಕ್ಲ್ಯಾಂಪ್ ಉಬ್ಬಿನ ಮೇಲೆಯೇ ಕೂತದ್ದರಿಂದ ಆದವು. ಉಬ್ಬಿನ ಮೇಲೆ ಕೂತರೆ ಪಟ್ಟಿ ಓರೆಯಾಗುತ್ತದೆ, ಒಂದು ಬದಿ ಮಾತ್ರ ಹಿಡಿಯುತ್ತದೆ. ಹೋಸ್ ಉಬ್ಬು ದಾಟಿತೋ ಇಲ್ಲವೋ ಅಂತ ಕುರುಡಾಗಿ ಊಹೆ ಮಾಡಬೇಡಿ. ಹಾಕುವ ಮುಂಚೆಯೇ ಪೈಪಿನ ಮೇಲೆ ಹೋಸ್ ಎಲ್ಲಿವರೆಗೆ ಬರಬೇಕು ಅಂತ ಮಾರ್ಕರ್‌ನಲ್ಲಿ ಗೆರೆ ಹಾಕಿ. ಹೋಸ್ ಗೆರೆ ಮುಟ್ಟಿದರೆ ಉಬ್ಬು ದಾಟಿದೆ ಅಂತ ಖಾತ್ರಿ. ಕ್ಲ್ಯಾಂಪ್‌ನ ಆಚೆ ಹೋಸ್‌ನ ತುದಿ 3ರಿಂದ 5 ಮಿಲಿಮೀಟರ್ ಕಾಣುತ್ತಿರಲಿ.

ಕ್ಲ್ಯಾಂಪ್ ಟಿ-ಬೋಲ್ಟ್‌ನದ್ದೇ ಆಗಲಿ, ಅಂದರೆ ಸೀಳಿಲ್ಲದ ಪಟ್ಟಿಯನ್ನು ಬೋಲ್ಟು-ನಟ್ಟಿನಿಂದ ಬಿಗಿಯುವಂಥದ್ದು. ಪಟ್ಟಿಯ ಉದ್ದಕ್ಕೂ ಸೀಳುಗಳಿರುವ ಮಾಮೂಲಿ ಸ್ಕ್ರೂ ಕ್ಲಿಪ್ ಬೇಡ. ಆ ಸೀಳುಗಳೊಳಗೆ ಸಿಲಿಕೋನ್ ಉಬ್ಬಿ ಹರಿದುಹೋಗುತ್ತದೆ. ಬಿಗಿ ಮಾಡಲು ಕ್ಲ್ಯಾಂಪ್ ತಯಾರಿಸಿದವರು ಹೇಳಿದ ಟಾರ್ಕ್ (ಎಷ್ಟು ಬಲದಲ್ಲಿ ತಿರುಗಿಸಬೇಕು ಅನ್ನುವ ಲೆಕ್ಕ) ನೋಡಿ, ಚಿಕ್ಕ ಟಾರ್ಕ್ ರೆಂಚ್‌ನಲ್ಲೇ ತಿರುಗಿಸಿ. ಗಾಳಿ ಗನ್ ಹಿಡಿಯಲೇಬೇಡಿ. ಸ್ಟೇನ್‌ಲೆಸ್ ಬೋಲ್ಟಿನ ಮೇಲೆ ಸ್ಟೇನ್‌ಲೆಸ್ ನಟ್ಟನ್ನು ಗನ್‌ನಲ್ಲಿ ಓಡಿಸಿದರೆ ಮರೆ (ಥ್ರೆಡ್) ಕಚ್ಚಿ ನಿಂತುಬಿಡುತ್ತದೆ, ಆಮೇಲೆ ಕತ್ತರಿಸಿಯೇ ತೆಗೆಯಬೇಕು. ಮರೆಗೆ ಒಂದು ತೊಟ್ಟು ಆಂಟಿ-ಸೀಜ್ (ಕಚ್ಚದಂತೆ ತಡೆಯುವ ಪೇಸ್ಟ್) ಹಾಕಿ. ಒಂದು ಕಡೆಯ ಪೈಪು ಪ್ಲಾಸ್ಟಿಕ್ ಆಗಿದ್ದರೆ ಇನ್ನೂ ಹುಷಾರು. ಅತಿ ಬಿಗಿಯಾದರೆ ಅದು ಒಳಕ್ಕೆ ಕುಗ್ಗಿ ಅಲ್ಲೇ ಸೋರುತ್ತದೆ.

ಇನ್ನೊಂದು ಸಂಗತಿ ಬಹಳ ಜನ ಮರೆಯುತ್ತಾರೆ. ಇಂಟರ್‌ಕೂಲರ್ ಗಾಡಿಯ ಬಾಡಿಯ ಮೇಲೆ ಕೂತಿರುತ್ತದೆ, ಎಂಜಿನ್ ರಬ್ಬರ್ ಮೌಂಟಿನ ಮೇಲೆ ಅಲುಗಾಡುತ್ತದೆ. ಆ ಅಲುಗಾಟ ಪೂರ್ತಿ ಹೋಸ್ ಮೇಲೆ ಬೀಳುತ್ತದೆ. ಎರಡು ಪೈಪುಗಳ ತುದಿ ಹೋಸ್ ಒಳಗೆ ಒಂದಕ್ಕೊಂದು ಮುಟ್ಟಬಾರದು, ಸ್ವಲ್ಪ ಸಂದು ಬಿಡಿ. ಫ್ಯಾನ್ ಬೆಲ್ಟ್, ಬ್ರ್ಯಾಕೆಟ್‌ನ ಚೂಪು ಅಂಚು ಇವುಗಳಿಂದ ಬೆರಳಗಲ ದೂರ ಇರಲಿ.

ಎಲ್ಲಾ ಹೋಸ್ ಕೂತ ಮೇಲೆ ಇಂಟರ್‌ಕೂಲರ್ ಬೋಲ್ಟುಗಳನ್ನು ಬಿಗಿ ಮಾಡಿ. ಟರ್ಬೊ ಬಾಯಿಗೆ ತುರುಕಿದ ಬಟ್ಟೆ ಹೊರಗೆ ಬಂತಾ? ಕಣ್ಣಾರೆ ನೋಡಿದ ಮೇಲೆಯೇ ಮುಂದೆ ಹೋಗಿ.

ಸೋರಿಕೆ ಪರೀಕ್ಷೆ

ಬಂಪರ್ ಹಾಕುವ ಮುಂಚೆ ಇದನ್ನು ಮಾಡಲೇಬೇಕು. ಟರ್ಬೊಗೆ ಗಾಳಿ ಹೋಗುವ ಬಾಯಿಗೆ ಟೈರ್ ವಾಲ್ವ್ ಇರುವ ಬಿರಡೆ ಸಿಕ್ಕಿಸಿ ಕ್ಲ್ಯಾಂಪ್ ಮಾಡಿ. ಬ್ರೀದರ್ ಹೋಸ್ ಕಳಚಿ, ಗಾಳಿ ಪೈಪಿನಲ್ಲಿ ಅದು ಕೂಡುವ ತೂತು ಮುಚ್ಚಿ. ಹೋಸ್ ಹಾಗೇ ಬಿಟ್ಟರೆ ಗಾಳಿ ಎಂಜಿನ್ನಿನ ಕೆಳಗಿನ ಕ್ರ್ಯಾಂಕ್‌ಕೇಸ್‌ಗೆ ಹೋಗಿ ಎಣ್ಣೆ ಸೀಲುಗಳನ್ನು ಹೊರಕ್ಕೆ ತಳ್ಳುತ್ತದೆ. ರೆಗ್ಯುಲೇಟರ್ ಇರುವ ಕಂಪ್ರೆಸರ್‌ನಿಂದ 0.3 ಬಾರ್‌ನಲ್ಲಿ ಶುರು ಮಾಡಿ, ನಿಧಾನವಾಗಿ 1 ಬಾರ್ ತನಕ ಏರಿಸಿ. ಬಿರಡೆಯ ಎದುರಿಗೆ ನಿಲ್ಲಬೇಡಿ, ಹಾರಿದರೆ ಮುಖಕ್ಕೇ ಬಡಿಯುತ್ತದೆ. ಒಂದೊಂದು ಜೋಡಣೆಗೂ ಸೋಪು ನೀರು ಸ್ಪ್ರೇ ಮಾಡಿ. ದೊಡ್ಡ ಸೋರಿಕೆ ಬುಸ್ ಅನ್ನುತ್ತದೆ. ಚಿಕ್ಕದಾದರೆ ಪಟ್ಟಿಯ ಅಂಚಿನಲ್ಲಿ ನೊರೆ ಮೆಲ್ಲಗೆ ಉಬ್ಬುತ್ತದೆ. ನೊರೆ ಕಂಡ ಕಡೆ ಸುಮ್ನೆ ಇನ್ನಷ್ಟು ಬಿಗಿ ಮಾಡಬೇಡಿ. ಬಿಚ್ಚಿ, ಒರೆಸಿ, ಮತ್ತೆ ಕೂರಿಸಿ. ಎಂಜಿನ್ ಒಳಗಿನಿಂದ ಸಣ್ಣ ಸದ್ದು ಬಂದರೆ ಹೆದರಬೇಡಿ. ವಾಲ್ವ್ ತೆರೆದಿರುವ ಸಿಲಿಂಡರ್ ಮೂಲಕ ಸ್ವಲ್ಪ ಗಾಳಿ ಹೋಗುವುದು ಸಹಜ. ಮುಗಿದ ಮೇಲೆ ಗಾಳಿಯನ್ನು ಪೂರ್ತಿ ಬಿಟ್ಟೇ ಬಿರಡೆ ತೆಗೆಯಿರಿ, ಬ್ರೀದರ್ ಹೋಸ್ ಮತ್ತೆ ಹಾಕಿ.

ಓಡಿಸಿದ ಮೇಲೆ

ಬ್ಯಾಟರಿ, ಬಂಪರ್ ಜೋಡಿಸಿ ಓಡಿಸಿ. ಮೊದಲ 150-200 ಕಿಲೋಮೀಟರ್ ಆದ ಮೇಲೆ, ಎಂಜಿನ್ ತಣ್ಣಗಿರುವಾಗ, ಪ್ರತಿ ಕ್ಲ್ಯಾಂಪ್‌ಗೂ ಮತ್ತೊಮ್ಮೆ ಟಾರ್ಕ್ ಕೊಡಿ. ಬಿಸಿಯಾಗಿ ತಣ್ಣಗಾದ ಸಿಲಿಕೋನ್ ಸ್ವಲ್ಪ ಕುಗ್ಗಿರುತ್ತದೆ.

ಇಸಿಯು ಮ್ಯಾಪ್ (ಡೀಸೆಲ್ ಎಷ್ಟು, ಬೂಸ್ಟ್ ಎಷ್ಟು ಅನ್ನುವ ಅದರ ಒಳಗಿನ ಲೆಕ್ಕ) ಬದಲಿಸುವುದಿದ್ದರೆ ಇಷ್ಟಾದ ಮೇಲೆಯೇ. ಅದಕ್ಕೂ ಮುಂಚೆ ಸ್ಕ್ಯಾನರ್ ಹಾಕಿ, ಇಸಿಯು ಕೇಳುವ ಬೂಸ್ಟ್ ಮತ್ತು ನಿಜವಾಗಿ ಸಿಗುವ ಬೂಸ್ಟ್ ಎರಡನ್ನೂ ರೆಕಾರ್ಡ್ ಮಾಡಿ. ಗಾಡಿಗೆ ಲೋಡ್ ಬಿದ್ದಾಗ ಎರಡು ಗೆರೆಗಳೂ ಜೊತೆಜೊತೆಗೆ ಏರಿದರೆ ಮ್ಯಾಪ್ ಬದಲಿಸುವ ಟ್ಯೂನರ್ ಹತ್ತಿರ ಹೋಗಬಹುದು. ಸಿಗುವ ಬೂಸ್ಟ್ ಕೆಳಗೇ ಉಳಿದರೆ ಬಂಪರ್ ಮತ್ತೆ ಬಿಚ್ಚಿ ಸೋಪು ನೀರು ಹಿಡಿಯಿರಿ.