ಉಕ್ಕಿನ ಮೇಲೆ ಕಂಚು ಬೆಳೆಸಿದ್ದು

ಬೆಳಗಾವಿಯ ಉದ್ಯಮಬಾಗ್‌ನಲ್ಲಿ ನನ್ನದೊಂದು ಸಣ್ಣ ವರ್ಕ್‌ಶಾಪ್ ಇದೆ. ಹೈಡ್ರಾಲಿಕ್ ಸಿಲಿಂಡರ್‌ಗಳ ಪಿಸ್ಟನ್ ಕಡೆಯುವುದು ಮುಖ್ಯ ಕೆಲಸ. ಪಿಸ್ಟನ್‌ಗೆ ಒಳಗೆ ಉಕ್ಕಿನ ಬಲ ಬೇಕು, ಹೊರಮೈಗೆ ಕಂಚಿನ ನಯ ಬೇಕು; ಉಕ್ಕೇ ನೇರವಾಗಿ ಉಜ್ಜಿದರೆ ಬ್ಯಾರೆಲ್, ಅಂದರೆ ಪಿಸ್ಟನ್ ಓಡಾಡುವ ಕೊಳವೆ, ಕೆರೆದುಹೋಗುತ್ತದೆ. ಕಂಚಿನ ಬಳೆಯನ್ನು ಬೇರೆಯಾಗಿ ಎರಕ ಹೊಯ್ಯಿಸಿ, ಕಡೆದು, ಪ್ರೆಸ್‌ನಲ್ಲಿ ಕೂರಿಸುತ್ತಿದ್ದೆವು. ದುಬಾರಿ ಕಂಚು ಅರ್ಧಕ್ಕರ್ಧ ಲೇತ್‌ನ ಕೆಳಗೆ ಚೂರಾಗಿ ಬೀಳುವುದನ್ನು ನೋಡಿ ಹೊಟ್ಟೆ ಉರಿಯುತ್ತಿತ್ತು.

ಆ ಬಳೆಯನ್ನು ಉಕ್ಕಿನ ಮೇಲೆಯೇ ಪದರ ಪದರವಾಗಿ ಬೆಳೆಸಬೇಕೆಂದು ಹೊರಟೆ. ಲೋಹದ ತ್ರೀಡಿ ಪ್ರಿಂಟಿಂಗ್ ಎಂದರೆ ಲೇಸರ್, ಲೋಹದ ಪುಡಿ, ಕೋಟಿ ರೂಪಾಯಿಯ ಯಂತ್ರ ಎಂದೇ ಅನೇಕರು ತಿಳಿದಿದ್ದಾರೆ. ಮಿಗ್ ವೆಲ್ಡಿಂಗ್‌ನಲ್ಲಿ, ಅಂದರೆ ಆರ್ಕ್ ಎಂಬ ವಿದ್ಯುತ್ ಕಿಡಿಯಿಂದ ವೈರ್ ಕರಗಿಸಿ ಬೆಸೆಯುವ ವಿಧಾನದಲ್ಲಿ, ಆಕಾರ ಕಟ್ಟುವುದೂ ಅದೇ ವಿದ್ಯೆಯ ಒಂದು ಕವಲು. ಕರೆಂಟನ್ನು ಮಿಡಿತಗಳಾಗಿ ಕೊಡುವ ಪಲ್ಸ್ ಮಿಗ್ ಯಂತ್ರವೂ ಜಾಬ್ (ಕೆಲಸದ ತುಂಡು) ತಿರುಗಿಸುವ ಪೊಸಿಷನರ್ ಕೂಡ ನನ್ನಲ್ಲಿದ್ದವು. 1.2 ಮಿ.ಮೀ. ದಪ್ಪದ ಅಲ್ಯೂಮಿನಿಯಂ ಕಂಚಿನ ವೈರ್ ತರಿಸಿದೆ.

ಮೊದಲ ಪಿಸ್ಟನ್‌ಗೆ 220 ಆಂಪಿಯರ್ ಕೊಟ್ಟೆ. ಚೆನ್ನಾಗಿ ಕರಗಿದರೆ ಚೆನ್ನಾಗಿ ಹಿಡಿಯುತ್ತದೆ ಎಂಬ ಲೆಕ್ಕ. ಉಕ್ಕಿಗೆ ಉಕ್ಕು ಬೆಸೆದ ಕೈಗೆ ಬೇರೇನು ಹೊಳೆದೀತು? ಕಡೆದಾಗ ಹೊಂಬಣ್ಣದ ಮೈ ಥಳಥಳಿಸಿತು. ಅಡ್ಡಲಾಗಿ ಕೊಯ್ದು, ಬಿರುಕು ಹುಡುಕಲು ಕೆಂಪು ಡೈ ಹಚ್ಚಿ ಒರೆಸಿ, ಬಿಳಿ ಡೆವಲಪರ್ ಸಿಂಪಡಿಸಿದೆ. ಕಂಚಿನ ಕೆಳಗೆ, ಉಕ್ಕಿನೊಳಗೆ, ಕೂದಲೆಳೆಯಂಥ ಕೆಂಪು ಗೆರೆಗಳು ಮೂಡಿದವು.

ಉಕ್ಕು ಕರಗುವುದು ಸುಮಾರು 1500 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಈ ಕಂಚು 1050ರ ಒಳಗೇ ಕರಗುತ್ತದೆ. ಕಂಚಿನಲ್ಲಿರುವ ತಾಮ್ರ ದ್ರವವಾಗಿ, ಕಾದು ಎಳೆತಕ್ಕೆ ಸಿಕ್ಕ ಉಕ್ಕಿನ ಹರಳುಗಳ ಸಂದಿಗೆ ನುಗ್ಗಿ ಸೀಳುತ್ತದೆ. ಮೇಲಕ್ಕೆ ಬೆರೆತ ಕಬ್ಬಿಣವೂ ಕರಗಿ ಒಂದಾಗದೆ ಕಂಚಿನಲ್ಲಿ ಗಟ್ಟಿ ಕಣಗಳಾಗಿ ನಿಲ್ಲುತ್ತದೆ. ಬ್ಯಾರೆಲ್ ಉಳಿಸಲೆಂದು ಹಾಕಿದ ಕಂಚೇ ಅದನ್ನು ಕೆರೆಯುವ ಸ್ಥಿತಿ.

ದಾರಿ ತೋರಿಸಿದವರು ಸಕ್ಕರೆ ಕಾರ್ಖಾನೆಯಲ್ಲಿ ರೋಲರ್‌ಗಳಿಗೆ ಆರ್ಕಿಂಗ್ ಮಾಡಿ ನಿವೃತ್ತರಾದ ಹಿರಿಯ ವೆಲ್ಡರ್. ಕಬ್ಬು ಜಾರದಂತೆ, ರೋಲರ್ ತಿರುಗುತ್ತಿರುವಾಗಲೇ ಅದರ ಹಲ್ಲುಗಳ ಮೇಲೆ ಗಡಸು ಲೋಹದ ಹನಿಗಳನ್ನು ಕೂರಿಸುವ ಕೆಲಸವದು. ರೋಲರ್ ಎರಕದ ಕಬ್ಬಿಣ, ಶಾಖ ಸಹಿಸುವುದಿಲ್ಲ. ನನ್ನ ತುಂಡನ್ನು ಬೆಳಕಿಗೆ ಹಿಡಿದು ನೋಡಿದರು.

“ತಮ್ಮಾ, ಆರ್ಕನ್ನು ಉಕ್ಕಿಗೆ ತೋರಿಸಬೇಡ. ಹಾಕಿದ ಕಂಚಿಗೆ ತೋರಿಸು. ಅದೇ ಹರಿದು ಹೋಗಿ ಉಕ್ಕನ್ನು ಹಿಡಿದುಕೊಳ್ಳಲಿ.”

“ಹಿಡಿಯದಿದ್ದರೆ, ಕಾಕಾ?”

“ಉಕ್ಕು ಸ್ವಚ್ಛವಾಗಿದ್ದರೆ ಹಿಡಿಯುತ್ತದೆ.”

ಕರೆಂಟನ್ನು 120 ಆಂಪಿಯರ್‌ಗೆ ಇಳಿಸಿದೆ. ಪ್ರತಿ ಸುತ್ತೂ ಹಿಂದಿನ ಸುತ್ತಿನ ಅರ್ಧವನ್ನು ಮುಚ್ಚುವಂತೆ ವೆಲ್ಡಿಂಗ್ ಟಾರ್ಚ್ ಸರಿಸಿದೆ. ಹೆಚ್ಚು ಒತ್ತಡದ ಪಿಸ್ಟನ್‌ಗಳಿಗೆ ಮೊದಲು ಒಂದು ಪದರ ನಿಕಲ್ ಹಾಕತೊಡಗಿದೆ. ನಿಕಲ್ ಕಬ್ಬಿಣದೊಂದಿಗೂ ಬೆರೆಯುತ್ತದೆ, ತಾಮ್ರದೊಂದಿಗೂ ಬೆರೆಯುತ್ತದೆ. ಎರಡು ಮನೆಗೂ ಬೇಕಾದ ನೆಂಟ. ವೈರ್ ದುಬಾರಿ ನಿಜ, ಆದರೆ ಈ ಪದರದಲ್ಲಿ ಜಿಪುಣತನ ಸಲ್ಲದು.

ಆಮೇಲೂ ಅಂಚುಗಳಲ್ಲಿ ಬಿರುಕು ಕಾಣಿಸಿತು. ತಣ್ಣಗಾಗುವಾಗ ಕಂಚು ಉಕ್ಕಿಗಿಂತ ಸುಮಾರು ಮೂರನೇ ಒಂದು ಭಾಗ ಹೆಚ್ಚು ಕುಗ್ಗುತ್ತದೆ. 100 ಮಿ.ಮೀ. ವ್ಯಾಸದ ಪಿಸ್ಟನ್ 400 ಡಿಗ್ರಿ ಇಳಿದರೆ ಎರಡರ ನಡುವಿನ ವ್ಯತ್ಯಾಸ ಸುಮಾರು 0.16 ಮಿ.ಮೀ. ಒಳಗಿನ ಉಕ್ಕು ಬಿಟ್ಟುಕೊಡದ ಕಾರಣ ಆ ಎಳೆತವೆಲ್ಲ ಹೊರಗಿನ ಕಂಚಿನ ಮೇಲೆ ಬೀಳುತ್ತದೆ. ಪದರದಿಂದ ಪದರಕ್ಕೆ ಹೋಗುವ ಮುನ್ನ ಶಾಖ 150 ಡಿಗ್ರಿಗೆ ಇಳಿಯುವವರೆಗೆ ಕಾಯುವುದು, ಕೊನೆಯಲ್ಲಿ ಜಾಬನ್ನು ಒಣ ಸುಣ್ಣದ ಪುಡಿಯಲ್ಲಿ ಹೂತು ರಾತ್ರಿಯಿಡೀ ಬಿಡುವುದು, ಈ ಎರಡರಿಂದ ಅಂಚು ನಿಂತಿತು.

ಜೂನ್ ಬಂದಾಗ ಹೊಸ ತೊಂದರೆ. ಕಡೆದ ಕಂಚಿನಲ್ಲಿ ಸೂಜಿಮೊನೆಯಷ್ಟು ರಂಧ್ರಗಳು. ಬೆಳಗಾವಿಯ ಮಳೆಯ ತೇವ ವೈರ್‌ಗೆ ಹತ್ತಿ, ಆರ್ಕ್‌ನಲ್ಲಿ ಜಲಜನಕವಾಗಿ ಒಡೆದು, ಕಂಚಿನೊಳಗೆ ಗುಳ್ಳೆಯಾಗಿ ಉಳಿಯುತ್ತಿತ್ತು. ಈಗ ವೈರ್ ಸುರುಳಿಗಳನ್ನು ಮರದ ಪೆಟ್ಟಿಗೆಯಲ್ಲಿ, ಹಗಲೂ ರಾತ್ರಿ ಉರಿಯುವ 60 ವ್ಯಾಟ್‌ನ ಹಳೆಯ ಬಲ್ಬಿನ ಪಕ್ಕದಲ್ಲಿ ಇಡುತ್ತೇನೆ.